ಹಾಸು ಏರಿಸಿದ ದಿನದ ಉತ್ತರ

ಚಳ್ಳಕೆರೆ
12 ಜನವರಿ 2025

ಪ್ರೀತಿಯ ಪವಿತ್ರ,

ಈ ಮಾತನ್ನು ಬರೆಯದೆ ಬಿಡುವವಳಿದ್ದೆ. ಕೈಮಗ್ಗದ ಮಸೂದೆ ಸಂಸತ್ತಿನ ಸಮಿತಿಗೆ ಹೋಗಿದೆಯೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಮೊಳಕಾಲ್ಮುರಿನ ಮಗ್ಗಗಳಲ್ಲ, ನೀನು. ‘ಆ ಸಮಿತಿಯ ಕಚೇರಿಯಲ್ಲಿ ಪವಿ ಇದ್ದಾಳೆ, ಇನ್ನೇನು ಚಿಂತೆ’ ಅಂದುಕೊಂಡೆ. ಮರುಕ್ಷಣ ನಾಚಿಕೆಯಾಯಿತು. ಪರಿಚಯ ಹಿಡಿದು ಕೆಲಸ ಮಾಡಿಸಿಕೊಳ್ಳುವವರನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಬೈಯುವವಳು ನಾನು. ಹಾಗಾಗಿ ಸಹಾಯ ಕೇಳುತ್ತಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ.

ಮಸೂದೆಯ ನಾಲ್ಕನೆಯ ಕಲಮು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮೋಟಾರು ಜೋಡಿಸಿದ ಮಗ್ಗದಲ್ಲಿ ನೇಯ್ದ ಸೀರೆಗೂ ಇನ್ನು ಮುಂದೆ ಕೈಮಗ್ಗದ ಮುದ್ರೆ ಸಿಗುತ್ತದೆ. ಮೊಳಕಾಲ್ಮುರಿನ ನಮ್ಮ ಓಣಿಯಲ್ಲಿ ಸೂರಮ್ಮ ಅತ್ತೆ, ಗೋವಿಂದಪ್ಪ ಮಾವ ಈಗಲೂ ಒಂದೇ ಮಗ್ಗಕ್ಕೆ ಇಬ್ಬರೂ ಕೂರುತ್ತಾರೆ. ಅವರು ಈ ಕಡೆಯಿಂದ ಲಾಳಿ ಎಸೆದರೆ ಇವರು ಆ ಕಡೆಯಿಂದ ಎಸೆದು ಅಂಚು ಕೂಡಿಸುತ್ತಾರೆ. ರೇಷ್ಮೆ ನೂಲು ಕೊಡುವ ಪಾಲಾಕ್ಷ ಸಾವ್ಕಾರರು ಬಾಯಿಬಿಟ್ಟು ಹೇಳಿಯಾಗಿದೆ: ‘ಕಾನೂನು ಬಂದ್ರೆ ಒಂದು ಸೀರೆಗೆ ಇಬ್ಬರನ್ನ ಕೂರಿಸಿ ನಾನ್ಯಾಕೆ ನೇಯಿಸ್ಲಿ? ಮುದ್ರೆ ಎರಡಕ್ಕೂ ಒಂದೇ ಅಲ್ವಾ?’

ಓಣಿಯವರೆಲ್ಲ ರಸ್ತೆಗೆ ಇಳಿಯಲು ತಯಾರಾಗಿದ್ದರು. ನಾನು ತಡೆದೆ. ರಸ್ತೆಯಲ್ಲಿ ಕೂತರೆ ಸರ್ಕಾರಕ್ಕೆ ಕಾಣುವುದು ನಿಂತ ಬಸ್ಸುಗಳು ಮಾತ್ರ. ಸಮಿತಿಯಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ, ಮಸೂದೆಯನ್ನು ಒಂದೊಂದು ಕಲಮಾಗಿ ಬಿಡಿಸಿ ನೋಡುತ್ತಾರೆ, ಸಚಿವಾಲಯದ ಅಧಿಕಾರಿಗಳನ್ನು ಎದುರಿಗೆ ಕೂರಿಸಿ ಉತ್ತರ ಕೇಳುತ್ತಾರೆ ಅಂತ ಅರ್ಧ ಗಂಟೆ ವಿವರಿಸಿದೆ. ಅತ್ತೆಯ ಪಕ್ಕದ ಮನೆಯ ಓಬಳೇಶ್ ಗೊತ್ತಲ್ಲ, ಈಗ ಅವನೇ ಓಣಿಗೆ ಮುಂದಾಳು. ‘ಅಕ್ಕಾ, ನೀವು ಇಂಗ್ಲಿಷ್ ಸ್ಕೂಲಲ್ಲಿ ಓದಿದೋರು. ನಿಮಗೆ ಕಾಗದ ಅಂದ್ರೆ ದೇವ್ರು. ನಮಗೆ ರಸ್ತೇನೇ ಕಚೇರಿ’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಒಪ್ಪಿದರು. ಅವರು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಮನವಿಯಾಗಿ ಬರೆದು ಕಳಿಸಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ: ಅದನ್ನು ನಿಜವಾಗಿ ಯಾರಾದರೂ ಓದುತ್ತಾರಾ? ಇಷ್ಟು ಜನರಿಗೆ ಭರವಸೆ ಕೊಟ್ಟ ಮೇಲೆ ಕೇಳುತ್ತಿದ್ದೇನೆ. ಮೊದಲೇ ಕೇಳಬೇಕಿತ್ತೇನೋ.

ನಿನ್ನ,
ಸ್ವಪ್ನ

*

ದೆಹಲಿ
26 ಜನವರಿ 2025

ಪ್ರೀತಿಯ ಸ್ವಪ್ನ,

ಇನ್ನು ಮೇಲೆ ಕಚೇರಿಯ ವಿಳಾಸಕ್ಕೆ ಬರೆಯಬೇಡ, ಫೋನಿನಲ್ಲೂ ಈ ವಿಷಯ ಬೇಡ. ಮನೆಗೆ ಬರೆ. ಸಮಿತಿಯ ಮುಂದಿರುವ ವಿಚಾರವನ್ನು ನಾನು ಹೊರಗಿನವರ ಹತ್ತಿರ ಆಡುವಂತಿಲ್ಲ. ‘ನಾನು ಹೊರಗಿನವಳಾ’ ಅಂತ ಮುನಿಸಿಕೊಳ್ಳಬೇಡ ಮತ್ತೆ.

ಯಾರು ಓದುತ್ತಾರೆ ಅಂತ ಕೇಳಿದ್ದೀಯ. ನಾನು ಓದುತ್ತೇನೆ. ಬಂದ ಮನವಿಗಳನ್ನೆಲ್ಲ ಕಲಮುವಾರು ಬಿಡಿಸಿ ಒಂದು ಬದಿಯಲ್ಲಿ ಬರೆಯುತ್ತೇವೆ, ಎದುರು ಬದಿಯಲ್ಲಿ ಸಚಿವಾಲಯದ ಉತ್ತರ. ಸದಸ್ಯರು ಅದನ್ನು ಇಟ್ಟುಕೊಂಡು ಪ್ರಶ್ನೆ ಕೇಳುತ್ತಾರೆ. ಸಮಿತಿಯ ಮಾತನ್ನು ಸರ್ಕಾರ ಕೇಳಲೇಬೇಕೆಂದಿಲ್ಲ. ಆದರೆ ಎಲ್ಲ ಪಕ್ಷದವರೂ ಸೇರಿ ಒಂದೇ ಮಾತು ಬರೆದರೆ ಅದನ್ನು ದಾಟಿ ಹೋಗುವುದು ಸುಲಭವಲ್ಲ. ಒಪ್ಪದ ಸದಸ್ಯರಿದ್ದರೆ ವರದಿಯ ಕೊನೆಯಲ್ಲಿ ತಮ್ಮ ಭಿನ್ನಮತ ಬರೆಯಬಹುದು. ನಾಲ್ಕನೆಯ ಕಲಮಿನ ಬಗ್ಗೆ ಹಾಗೆ ಬರೆಯಬೇಕೆಂದು ಒಬ್ಬರು ಈಗಲೇ ಹಟ ಹಿಡಿದಿದ್ದಾರೆ. ಇಷ್ಟು ಹೇಳಿದ್ದೂ ಹೆಚ್ಚಾಯಿತು.

ಸದಸ್ಯರು ನೇಕಾರರ ಊರುಗಳಿಗೇ ಬಂದು ನೋಡುವವರಿದ್ದಾರೆ. ಆ ಊರುಗಳಲ್ಲಿ ಮೊಳಕಾಲ್ಮುರಿನ ಹೆಸರು ಸೇರಿಸಿದ್ದು ನಾನೇ. ಜೊತೆಗೆ ನಾನೂ ಬರುತ್ತೇನೆ, ಭೇಟಿಯ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಅತ್ತೆಯ ಮನೆಗೇ ಕರೆದುಕೊಂಡು ಬರುತ್ತೇನೆ. ಶೇಂಗಾ ಹೋಳಿಗೆ ಮಾಡಿಟ್ಟಿರಲು ಹೇಳು. ಸದಸ್ಯರಿಗಲ್ಲ, ನನಗೆ.

ಪವಿ

*

ಚಳ್ಳಕೆರೆ
9 ಮಾರ್ಚ್ 2025

ಪ್ರೀತಿಯ ಪವಿ,

ನೀನು ಬಂದು ಹೋದ ಮೇಲೆ ಓಣಿಯಲ್ಲಿ ನಿನ್ನದೇ ಮಾತು. ‘ನಮ್ಮ ಮೇಷ್ಟ್ರ ಮಗಳು ದಿಲ್ಲಿಯೋರನ್ನೇ ಕರ್ಕೊಂಡ್ ಬಂದ್ಲು’ ಎಂದು ಅತ್ತೆ ನೀರಿನ ಟ್ಯಾಂಕರಿನವನಿಗೂ ಹೇಳುತ್ತಿದ್ದಾರೆ. ಕಾರು ಇಳಿದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ನೀನು ಒಳಗೆ ಬಂದ ರೀತಿ ನೋಡಿ ನನ್ನ ಕಣ್ಣು ತುಂಬಿತ್ತು. ‘ಇವತ್ತೇ ಹಾಸು ಏರಿಸಿದ್ರಾ ಅತ್ತೆ?’ ಅನ್ನುತ್ತಾ ತಟ್ಟೆಯಿಂದ ಕುಂಕುಮ ತೆಗೆದು ನೀನೇ ಎಳೆಗಳಿಗೆ ಇಟ್ಟೆಯಲ್ಲ, ಆಗ ಮಾವ ನನ್ನ ಕಡೆ ತಿರುಗಿ ಹೆಮ್ಮೆಯಿಂದ ತಲೆ ಆಡಿಸಿದರು.

ಆದರೆ ಅಂದಿನಿಂದ ಒಂದು ಕಸಿವಿಸಿ.

ಉದ್ದೆಳೆಗಳ ಹೊಸ ಹಾಸನ್ನು ಅವತ್ತೇ ಮಗ್ಗಕ್ಕೆ ಏರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿಳಿದು ಬಂದಾಗ ಪೂಜೆ ಮುಗಿದಿತ್ತು. ‘ಇವತ್ತೇ ಯಾಕೆ ಅತ್ತೆ?’ ಅಂದೆ. ‘ದಿಲ್ಲಿಯಿಂದ ಬರ್ತಾವ್ರೆ, ಅರ್ಧ ಸವೆದ ಹಾಸು ತೋರ್ಸೋಕಾಗ್ತದಾ? ಮದುವೆ ಮನೇಗೆ ಹಳೇ ಸೀರೆ ಉಟ್ಕೊಂಡು ಹೋಗ್ತಾರೇನೇ ಅಮ್ಮಾಯಿ?’ ಅಂದರು. ನಮ್ಮ ಓಣಿಯ ಪದ್ಧತಿ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಏರಿಸಿದ ದಿನ, ಮೊದಲ ಗೇಣು ನೇಯುವ ತನಕ ಮಗ್ಗದ ಮುಂದೆ ಕಷ್ಟ ಹೇಳುವಂತಿಲ್ಲ, ದೂರುವಂತಿಲ್ಲ, ಇಲ್ಲ ಅನ್ನುವಂತಿಲ್ಲ. ಯಾರು ಏನು ಕೇಳಿದರೂ ಚೆನ್ನಾಗಿದೆ ಅನ್ನಬೇಕು, ಇಲ್ಲದಿದ್ದರೆ ಎಳೆ ಕಡಿಯುತ್ತದೆ ಎಂದು ನಂಬಿಕೆ. ಚಿಕ್ಕವಳಿದ್ದಾಗ ನೀನು ಅಂಥ ದಿನ ಮೊಣಕಾಲು ತರಚಿಸಿಕೊಂಡು ಅಳುತ್ತಾ ಬಂದಿದ್ದೆ. ‘ಅಳೋದಾದ್ರೆ ಓಬಳೇಶನ ಮನೇಲಿ ಅತ್ತು ಬಾ’ ಎಂದು ಅತ್ತೆ ನಿನ್ನನ್ನು ಎತ್ತಿಕೊಂಡು ಹೋಗಿ ಅಲ್ಲಿ ಬಿಟ್ಟಿದ್ದರು. ನಿನ್ನ ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದ ದಿನಗಳಲ್ಲಿ ನಿನಗೆ ಊಟ, ನಿದ್ದೆ ಎಲ್ಲ ಅತ್ತೆಯ ಮನೆಯಲ್ಲೇ ಆಗುತ್ತಿತ್ತು.

ಅದಕ್ಕೇ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದ್ದು. ಒಳಗೆ ಮಗ್ಗ ನೋಡಲಿ, ಹೊರಗೆ ಬಂದು ಕೂತ ಮೇಲೆ ಎಲ್ಲ ಹೇಳೋಣ ಎಂದು ಮಾತಾಗಿತ್ತು. ಆದರೆ ಸದಸ್ಯರು ಕೇಳಿದ್ದೆಲ್ಲ ಮಗ್ಗದ ಪಕ್ಕದಲ್ಲೇ ನಿಂತು. ಏನು ತೊಂದರೆ ಅಂದರು. ‘ಏನೂ ಇಲ್ರಿ, ಎಲ್ಲ ಚೆನ್ನಾಗೈತೆ’ ಅಂದರು ಮಾವ. ನಾನು ಅದನ್ನು ಹಾಗೇ ಇಂಗ್ಲಿಷಿಗೆ ಹಾಕಿದೆ. ಪದ್ಧತಿಯನ್ನೂ ವಿವರಿಸಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಅತ್ತೆಯ ಕೈ ಹಿಡಿದು ಮನೆಯ ತೆಲುಗಿನಲ್ಲಿ ಕೇಳಿದೆ: ‘ಮೋಟಾರು ಪೆಡಿತೇ ಬಾಗುಂಟುಂದಾ ಅತ್ತಾ?’ ಮೋಟಾರು ಹಾಕಿದರೆ ಒಳ್ಳೆಯದಾ ಅಂತ. ಅತ್ತೆ ಹಾಸನ್ನೊಮ್ಮೆ ನೋಡಿದರು, ನಿನ್ನನ್ನೊಮ್ಮೆ ನೋಡಿದರು. ‘ಬಾಗುಂಟುಂದಿ ತಲ್ಲಿ’ ಅಂದರು. ಒಳ್ಳೆಯದೇ ಅಮ್ಮ. ಸದಸ್ಯರಿಗೆ ಅದನ್ನು ಹಿಂದಿಯಲ್ಲಿ ನೀನೇ ಹೇಳಿದೆ.

ಹೊರಗೆ ಬಂದವರೇ ಬ್ರಹ್ಮಗಿರಿಯ ಶಾಸನ ನೋಡಲು ಹೊತ್ತಾಯಿತೆಂದು ಕಾರು ಹತ್ತಿದರು. ಓಬಳೇಶ್ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದ. ಮಾವ ಅವನಿಗೆ, ‘ಬಿಡ್ಲೇ, ಅಶೋಕ ಬರ್ಸಿದ್ದನ್ನ ಓದೋಕೆ ಹೊಂಟ್ರು. ಅವ್ನು ಕಲ್ಲಲ್ಲಿ ಬರ್ಸವ್ನೆ, ನಾವು ಕಾಗದದಾಗೆ ಬರ್ದೀವಿ. ನಮ್ದು ಹಗುರ, ದಿಲ್ಲಿಗೇ ತಗೊಂಡೋಗಿ ಓದ್ತಾರೆ’ ಅಂದರು.

ನೀನು ತೆಲುಗಿನಲ್ಲಿ ಮಾತಾಡಿದ್ದು ಪ್ರೀತಿಗೆ. ನಾನು ಹಾಗೇ ತಿಳಿದಿದ್ದೇನೆ. ಆದರೂ ನಿನ್ನ ಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸು: ಅವತ್ತು ಹಾಸು ಏರಿಸಿದ ದಿನ, ಅವತ್ತಿನ ಉತ್ತರವನ್ನು ಉತ್ತರವೆಂದು ಹಿಡಿಯಬಾರದು, ಲಿಖಿತ ಮನವಿಯೇ ಓಣಿಯ ಮಾತು.

ಹೋಳಿಗೆಯ ಡಬ್ಬಿಯನ್ನು ಕಾರಿನಲ್ಲಿ ಇಡಲು ಮರೆತೆವೆಂದು ಅತ್ತೆಗೆ ಬೇಜಾರು.

ಸ್ವಪ್ನ

*

ಚಳ್ಳಕೆರೆ
20 ಏಪ್ರಿಲ್ 2025

ಪವಿ,

ನನ್ನ ಮಾರ್ಚಿನ ಕಾಗದ ತಲುಪಿತೇ? ಎರಡು ಸಲ ಫೋನ್ ಮಾಡಿದೆ, ಮೀಟಿಂಗಿನಲ್ಲಿದ್ದೀಯೇನೋ. ಸಮಿತಿಯ ಒಳಗಿನ ಮಾತು ಬೇಡ. ಆ ಒಂದು ಸಾಲು ಸೇರಿಸಿದೆ ಎಂದು ಮಾತ್ರ ಬರೆ. ಅಷ್ಟನ್ನೂ ಬರೆಯಲಾಗದಿದ್ದರೆ ಊಟ ಆಯಿತಾ ಅಂತ ಕೇಳಿ ಒಂದು ಕಾಗದ ಹಾಕು, ನನಗೆ ಅರ್ಥವಾಗುತ್ತದೆ.

ಇಲ್ಲಿ ಬಿಸಿಲು ವಿಪರೀತ. ಅತ್ತೆ ಮಾವ ಆ ಹಾಸಿನ ಕೊನೆಯ ಸೀರೆ ಮುಗಿಸುತ್ತಿದ್ದಾರೆ. ನೀಲಿ ಒಡಲು, ಅರಿಶಿನದ ಅಂಚು. ನಿನಗೆ ಹಿಡಿಸುತ್ತಿತ್ತು.

ಸ್ವಪ್ನ

*

ಚಳ್ಳಕೆರೆ
3 ಆಗಸ್ಟ್ 2025

ಪವಿತ್ರ,

ವರದಿ ಸದನದಲ್ಲಿ ಮಂಡನೆಯಾಗಿದೆ. ಕಾಲೇಜಿನ ಕಂಪ್ಯೂಟರಿನಲ್ಲಿ ತೆಗೆದು ಓದಿದೆ. ನಮ್ಮೂರಿನ ಹೆಸರು ಹುಡುಕಿದೆ, ಸಿಕ್ಕಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಮೊಳಕಾಲ್ಮುರಿನಲ್ಲಿ ಸಮಿತಿಯು ಭೇಟಿ ಮಾಡಿದ ನೇಕಾರರು ತಮ್ಮ ಸ್ಥಿತಿಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು ಮತ್ತು ಮಗ್ಗಕ್ಕೆ ಮೋಟಾರು ಜೋಡಿಸುವುದನ್ನು ಸ್ವಾಗತಿಸಿದರು. ಈ ಹಿನ್ನೆಲೆಯಲ್ಲಿ ನಾಲ್ಕನೆಯ ಕಲಮನ್ನು ಇದ್ದಂತೆಯೇ ಉಳಿಸಿಕೊಳ್ಳಬಹುದು.’

ಭಿನ್ನಮತ ಯಾರದೂ ಇಲ್ಲ. ನಮ್ಮ ಮನವಿ ಬಂದಿದೆ ಎಂದು ಅನುಬಂಧದಲ್ಲಿ ಒಂದು ಹೆಸರು ಮಾತ್ರ ಇದೆ.

ಮೊದಲು ನಾನು ನಿನ್ನ ಪರವಾಗಿಯೇ ವಾದ ಮಾಡಿಕೊಂಡೆ. ನಿನ್ನ ಟಿಪ್ಪಣಿಯನ್ನು ಮೇಲಿನವರು ತಿದ್ದಿರಬಹುದು. ನನ್ನ ಕಾಗದ ತಲುಪದೆ ಇರಬಹುದು. ಅಥವಾ ತಪ್ಪು ನನ್ನದೇ ಇರಬಹುದು, ಅವತ್ತು ಬಾಯಿ ತೆರೆದವಳು ಮಾತು ಮುಗಿಸಬೇಕಿತ್ತು. ಈ ಮೂರನೆಯದನ್ನು ಈಗಲೂ ಬಿಟ್ಟಿಲ್ಲ. ಆದರೆ ಆ ‘ಸ್ವಾಗತಿಸಿದರು’ ಅನ್ನುವುದು ಎಲ್ಲಿಂದ ಬಂತು? ಮೋಟಾರಿನ ಪ್ರಶ್ನೆ ಅವತ್ತು ಕೇಳಿದವಳು ನೀನೊಬ್ಬಳೇ.

ಪಾಲಾಕ್ಷ ಸಾವ್ಕಾರರ ಮಗ ಆ ಪುಟವನ್ನು ಫೋನಿನಲ್ಲಿ ಓಣಿಗೆಲ್ಲ ಕಳಿಸಿದ್ದಾನೆ. ಕಾನೂನು ಆಗುವ ಮೊದಲೇ ಸಾವ್ಕಾರರು ಅತ್ತೆ ಮಾವನಿಗೆ ಮುಂದಿನ ಹಾಸು ಕೊಡುವುದಿಲ್ಲ ಅಂದಿದ್ದಾರೆ. ‘ಗೋವಿಂದಪ್ಪ, ನಾನೇನು ಮಾಡ್ಲಪ್ಪ? ಮೋಟಾರು ಬೇಕು ಅಂತ ನಿನ್ನ ಹೆಂಡ್ತೀನೇ ಪಾರ್ಲಿಮೆಂಟಿಗೆ ಹೇಳವ್ಳೆ.’

ನಿನ್ನೆ ಓಣಿಗೆ ಹೋದೆ. ಯಾರೂ ಬೈಯಲಿಲ್ಲ. ಓಬಳೇಶ್ ಅದೇ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದ. ‘ಕೂತ್ಕೊಳ್ರಿ ಅಕ್ಕಾ. ರಸ್ತೆಗೆ ಇಳೀಬ್ಯಾಡ್ರಿ, ಸಮಿತಿ ಐತೆ ಅಂದ್ರಿ. ಇಳೀಲಿಲ್ಲ. ಕಷ್ಟ ಹೊರಗೆ ಹೇಳ್ರಿ ಅಂದ್ರಿ. ಹೊರಗೇ ನಿಂತಿದ್ವಿ. ಈಗ ಏನ್ ಮಾಡೋಣ ಹೇಳ್ರಿ, ಅದನ್ನೂ ಮಾಡ್ತೀವಿ.’ ನನ್ನ ಇಂಗ್ಲಿಷನ್ನು ಅವನು ಇಷ್ಟು ದಿನ ಗೇಲಿ ಮಾಡುತ್ತಿದ್ದ. ನಿನ್ನೆ ಮಾಡಲಿಲ್ಲ.

ಉತ್ತರ ಬರೆ. ಮೀಟಿಂಗಿನಲ್ಲಿದ್ದೀ ಎಂದು ಈ ಸಲ ಅಂದುಕೊಳ್ಳುವುದಿಲ್ಲ.

ಸ್ವಪ್ನ

*

ದೆಹಲಿ
10 ಆಗಸ್ಟ್ 2025

ಸ್ವಪ್ನ,

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ನನ್ನ ಕೆಲಸವನ್ನೂ ಸ್ವಲ್ಪ ಅರ್ಥ ಮಾಡಿಕೋ.

ಟಿಪ್ಪಣಿಯಲ್ಲಿ ಆಡಿದ ಮಾತು ಬರೆಯುತ್ತೇವೆ. ಆಡದ ಮಾತನ್ನು ಬರೆಯುವ ಅಧಿಕಾರ ನನಗಿಲ್ಲ. ಮಾವ ತೃಪ್ತಿ ಅಂದರು, ಅದನ್ನು ಇಂಗ್ಲಿಷಿಗೆ ಹಾಕಿದವಳು ನೀನು. ಅತ್ತೆ ಒಳ್ಳೆಯದು ಅಂದರು, ಸದಸ್ಯರೆಲ್ಲ ಕೇಳಿಸಿಕೊಂಡರು. ಒಂದು ಓಣಿಯ ನಂಬಿಕೆಯನ್ನು ಸಂಸತ್ತಿನ ದಾಖಲೆಯಲ್ಲಿ ಹೇಗೆ ಬರೆಯಲಿ?

ಇನ್ನೊಂದು ಮಾತು. ಇದನ್ನು ಓದಿ ಹರಿದುಹಾಕು. ಆ ಸದಸ್ಯರು ಭಿನ್ನಮತ ಬರೆದಿದ್ದರೆ ವರದಿ ಎರಡಾಗುತ್ತಿತ್ತು. ಒಡೆದ ವರದಿಯನ್ನು ಸಚಿವಾಲಯ ಮೂಲೆಗೆ ಎಸೆಯುತ್ತದೆ. ನೂಲಿನ ಬೆಲೆಗೆ ರಿಯಾಯಿತಿ, ಆರೋಗ್ಯ ವಿಮೆ, ನೇಯುವ ಹೆಂಗಸರಿಗೂ ಗುರುತಿನ ಚೀಟಿ, ಈ ಮೂರು ಶಿಫಾರಸು ಅದರಲ್ಲಿ ಬಂದದ್ದು ಒಮ್ಮತದಿಂದ. ಒಮ್ಮತ ಬಂದದ್ದು ಮೊಳಕಾಲ್ಮುರಿನ ಭೇಟಿಯ ನಂತರ, ಅತ್ತೆಯ ಮಾತು ಕೇಳಿ ಆ ಸದಸ್ಯರು ಹಟ ಬಿಟ್ಟ ಮೇಲೆ. ಅಧ್ಯಕ್ಷರಿಗೆ ಅದು ಬೇಕಿತ್ತು. ಒಂದನ್ನು ಬಿಟ್ಟುಕೊಟ್ಟು ಮೂರನ್ನು ಉಳಿಸಿದೆ. ನೀನು ನನ್ನ ಕುರ್ಚಿಯಲ್ಲಿ ಕೂತಿದ್ದರೂ ಇದನ್ನೇ ಮಾಡುತ್ತಿದ್ದೆ.

ಮುಂದಿನ ತಿಂಗಳು ನನಗೆ ಬೇರೆ ಸಮಿತಿಗೆ ಬಡ್ತಿ. ಅತ್ತೆಗೆ ನನ್ನ ನಮಸ್ಕಾರ ಹೇಳು.

ಪವಿತ್ರ

*

ಚಳ್ಳಕೆರೆ
17 ಆಗಸ್ಟ್ 2025

ಪವಿತ್ರ,

ನಿನ್ನ ಕಾಗದವನ್ನು ಹರಿದುಹಾಕಿಲ್ಲ. ಯಾರಿಗೂ ತೋರಿಸಿಯೂ ಇಲ್ಲ. ತೋರಿಸುವುದೂ ಇಲ್ಲ.

ನಿನ್ನ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆನೇ ಎಂದು ವಾರವೆಲ್ಲ ಕೇಳಿಕೊಂಡೆ. ಮಾಡುತ್ತಿದ್ದೆನೇನೋ. ಮೂರು ಒಳ್ಳೆಯದಕ್ಕೆ ಒಂದನ್ನು ಬಿಡುವ ಲೆಕ್ಕ ನನಗೂ ಬರುತ್ತದೆ, ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಆದರೆ ಬಿಟ್ಟದ್ದು ನಿನ್ನದಾಗಿರಲಿಲ್ಲ. ಬಿಡಲು ಮನಸ್ಸಿದೆಯೇ ಎಂದು ಅತ್ತೆಯನ್ನು ಕೇಳಬಹುದಿತ್ತು. ಬೇಡ ಅನ್ನಲು ಬಾಯಿಲ್ಲದ ದಿನ ಕೇಳಿದೆ, ಬೇಡ ಅನ್ನಲಿಲ್ಲ ಎಂದು ಬರೆದೆ. ಸಚಿವಾಲಯದವರು ಹೀಗೆ ಮಾಡಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ಅವರಿಗೆ ಆ ಮನೆಯ ಪದ್ಧತಿ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಉಂಡು ಕಲಿತದ್ದನ್ನು ನಮ್ಮ ಮೇಲೆಯೇ ಬಳಸಿದೆ.

ಶುಕ್ರವಾರ ಧ್ವಜ ಹಾರಿಸಿದ ಮೇಲೆ ಮೊಳಕಾಲ್ಮುರಿಗೆ ಹೋದೆ. ಮಗ್ಗ ಖಾಲಿ. ಹಾಸಿಲ್ಲದ ಮಗ್ಗದ ಮುಂದೆ ಏನು ಬೇಕಾದರೂ ಮಾತಾಡಬಹುದು. ನಿನ್ನದೇ ಪ್ರಶ್ನೆಯನ್ನು ನಿನ್ನದೇ ಮಾತಿನಲ್ಲಿ ಅತ್ತೆಗೆ ಮತ್ತೆ ಕೇಳಿದೆ.

‘ಏನ್ ಬಾಗುಂಟುಂದಿ?’ ಅಂದರು. ‘ಮೋಟಾರು ಹಾಕಿದ್ರೆ ಆ ಕಡೆ ಲಾಳಿಗೆ ನಾನ್ಯಾಕೆ ಬೇಕು? ನಿಮ್ಮ ಮಾವಂಗೆ ಈಗ ಕಣ್ಣು ಮಂಜು. ಎಳೆ ಎಲ್ಲಿ ತಪ್ತು ಅಂತ ನಾನು ಹೇಳ್ಬೇಕು. ನನಗೆ ಬೆನ್ನು ಹಿಡ್ಕೊಂಡೈತೆ, ಮಗ್ಗದ ಗುಂಡಿಯಿಂದ ಅವ್ರು ಎಬ್ಬಿಸ್ಬೇಕು. ಇಬ್ರೂ ಸೇರಿದ್ರೆ ಒಂದಾಳು. ಒಬ್ಬರನ್ನ ಎಬ್ಬಿಸಿ ಕಳಿಸಿದ್ರೆ ಇನ್ನೊಬ್ರು ಯಾತಕ್ಕೆ ಬರ್ತೀವಿ?’

ಮಾವ ಮಂಚದ ಮೇಲಿಂದ, ‘ಮೋಟಾರು ಅಂದ್ರೆ ಜಗಳ ಆಡಲ್ವಲ್ಲೇ, ಅದೊಂದು ಲಾಭ’ ಅಂದರು. ಅತ್ತೆ ನಗಲಿಲ್ಲ.

ಆಮೇಲೆ ಕೇಳಿದರು. ‘ಪವಿಗೆ ಗೊತ್ತಿರ್ಲಿಲ್ವೇನೇ?’

‘ಮರೆತಿರಬೇಕು ಅತ್ತೆ’ ಅಂದೆ. ನಿನಗೋಸ್ಕರ ಆಡಿದ ಸುಳ್ಳು ಅದು. ಯಾಕೆ ಆಡಿದೆನೋ ಗೊತ್ತಿಲ್ಲ.

‘ಮರೆತೋಳು ಎಳೆಗೆ ಕುಂಕುಮ ಇಡ್ತಿದ್ಲಾ?’ ಅಂದು ಎದ್ದು ಒಳಗೆ ಹೋದರು. ನಿನ್ನ ನಮಸ್ಕಾರ ಹೇಳಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

ಮಸೂದೆ ಇನ್ನೂ ಸದನದಲ್ಲಿ ಚರ್ಚೆಗೆ ಬಂದಿಲ್ಲ. ಮುಂದಿನ ಅಧಿವೇಶನದಲ್ಲಿ ಬರುತ್ತದೆ. ಹಾಗಾಗಿ ಸಮಿತಿಯ ಅಧ್ಯಕ್ಷರಿಗೂ, ಭಿನ್ನಮತ ಬರೆಯಲಿದ್ದ ಸದಸ್ಯರು ಯಾರೆಂದು ನನಗೆ ತಿಳಿಯದ ಕಾರಣ ಎಲ್ಲ ಸದಸ್ಯರಿಗೂ ಒಂದು ಕಾಗದ ಬರೆದಿದ್ದೇನೆ. ಅತ್ತೆಯ ಮಾತು ಅವರು ಆಡಿದಂತೆಯೇ ಇದೆ, ಕೆಳಗೆ ಇಂಗ್ಲಿಷಿನಲ್ಲಿ ಇದೆ, ಅವರ ಸಹಿಯೂ ಇದೆ. ಓಬಳೇಶ್ ಮತ್ತು ಓಣಿಯವರು ಸಹಿ ಹಾಕಿದ್ದಾರೆ. ಅಷ್ಟೇ ಅಲ್ಲ, ಅವರು ಬುಧವಾರ ರಸ್ತೆಗೂ ಇಳಿಯುತ್ತಾರೆ. ಈ ಸಲ ನಾನು ತಡೆಯಲಿಲ್ಲ. ನಾನೂ ಕೂರುತ್ತೇನೆ.

ಆ ಕಾಗದದ ಮೊದಲ ಕರಡಿನಲ್ಲಿ ‘ಸ್ಥಳೀಯ ಪದ್ಧತಿಯ ಅರಿವಿಲ್ಲದೆ ತಪ್ಪು ನಡೆದಿದೆ’ ಎಂದು ಬರೆದಿದ್ದೆ. ಓದಿದರೆ ಯಾರಿಗೂ ನೋವಾಗುವುದಿಲ್ಲ. ಆದರೆ ಅರಿಯದೆ ನಡೆದ ತಪ್ಪಿಗೆ ವಿಷಾದ ಎಂದು ಒಂದು ಉತ್ತರ ಬರುತ್ತದೆ, ಕಲಮು ಇದ್ದಲ್ಲೇ ಇರುತ್ತದೆ. ಆ ಸಾಲು ಹೊಡೆದುಹಾಕಿದೆ. ಮಗ್ಗದ ಮುಂದೆ ಪೂರ್ತಿ ಅನುವಾದ ಮಾಡದೆ ಬಿಟ್ಟವಳು ನಾನು ಎಂದು ನನ್ನ ಹೆಸರು ಬರೆದೆ. ಆಮೇಲೆ, ಮೋಟಾರಿನ ಪ್ರಶ್ನೆ ಕೇಳಿದ ಮತ್ತು ಟಿಪ್ಪಣಿ ಬರೆದ ಅಧಿಕಾರಿ ಇದೇ ಓಣಿಯಲ್ಲಿ ಬೆಳೆದವರು, ಅವತ್ತಿನ ಉತ್ತರದ ಅರ್ಥ ಅವರಿಗೆ ತಿಳಿದಿತ್ತು ಎಂದು ಬರೆದೆ. ನಿನ್ನ ಹೆಸರು ಬರೆಯಲು ಪೆನ್ನು ಎತ್ತಿ ಇಟ್ಟು, ಎತ್ತಿ ಇಟ್ಟು, ಕೊನೆಗೆ ಬರೆದೆ. ಬಡ್ತಿಗೆ ಅಡ್ಡಿಯಾಗಬಹುದು. ಕೆಲಸಕ್ಕೇ ಆಗಬಹುದು. ಗೊತ್ತಿದ್ದೇ ಬರೆದಿದ್ದೇನೆ.

ಬೆನ್ನ ಹಿಂದೆ ಮಾಡಬಾರದೆಂದು ನಿನಗೆ ಮೊದಲು ತಿಳಿಸುತ್ತಿದ್ದೇನೆ. ಈ ಕಾಗದವನ್ನು ನಾಳೆ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಅಧ್ಯಕ್ಷರದನ್ನು ಅದಾಗಿ ಒಂದು ವಾರದ ಮೇಲೆ. ಅಷ್ಟರೊಳಗೆ ನೀನೇ ಅಧ್ಯಕ್ಷರ ಮುಂದೆ ಹೋಗಿ ಹೇಳಿದರೆ ನನ್ನದರಲ್ಲಿ ‘ಅವರೇ ತಿಳಿಸಿದಂತೆ’ ಎಂದು ಸೇರಿಸಲು ಜಾಗ ಬಿಟ್ಟಿದ್ದೇನೆ. ಹೇಳದಿದ್ದರೂ ಕಳಿಸುತ್ತೇನೆ. ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಮೊದಲ ಕರಡಿಗೇ ಹೋಗಿಬಿಟ್ಟೇನು.

ಸ್ವಪ್ನ

ಅಧ್ಯಕ್ಷರ ಕಾಗದವನ್ನು ಅಂಚೆಗೆ ಹಾಕುವ ದಿನ: ಸೋಮವಾರ, 25 ಆಗಸ್ಟ್ 2025.